ಎಂಟು ಸೆಕೆಂಡು

ದಾದಾಪೀರನ ಅಂಗಡಿ ಅಂದರೆ
ಮಂಡಕ್ಕಿ ಭಟ್ಟಿಗೆ ಹೋಗುವ ದಾರಿಯಲ್ಲಿ, ಒಂದು ಬಾಗಿಲಷ್ಟೇ ಅಗಲ.
ಗೋಡೆ ತುಂಬ ಬಾಯಿ ತೆರೆದ ಸ್ಪೀಕರುಗಳು,
ಗಣಪತಿಗೆ ಕೂಗಿ ಗಂಟಲು ಹರಿದುಕೊಂಡವು,
ಮದುವೆಯಿಂದ ಬಂದವು, ಉರುಸಿನಿಂದ ಬಂದವು.
ಕಾಗದದ ಕೋನಿಗೆ ಗೋಂದು ಸವರುತ್ತ ಅವನು:
‘ಹರಿದ ಜಾಗ ನೋಡಿ ಹೇಳ್ತೀನಿ, ಯಾವ ಹಾಡು ಹರೀತು ಅಂತ.’

ನಾನು ಪಾಲಿಟೆಕ್ನಿಕ್ಕಿನ ಎರಡನೇ ವರ್ಷ.
ಎರಡು ಜಡೆ, ಒಂದು ಸೈಕಲ್ಲು, ಚೀಲದಲ್ಲಿ
ನಕಲಿನ ನಕಲಿನ ನಕಲು, ಒಂದು ಕ್ಯಾಸೆಟ್ಟು.
ಬಾಲ್‌ಪೆನ್ನಿನ ಹೆಸರು ಬೆವರಿಗೆ ಅಳಿಸಿ
‘ಹೆವಿ’ ಅಂತಷ್ಟೇ ಉಳಿದಿತ್ತು.
‘ಎಷ್ಟಮ್ಮ ತೂಕ?’ ಅಂದ, ಅಂಗೈಯಲ್ಲಿ ತೂಗಿ.

ಅದರ ಹಿಂದಿನ ವಾರ ತಂದದ್ದನ್ನು
ಮೂರೇ ನಿಮಿಷಕ್ಕೆ ಕಿತ್ತು ಕೈಗಿಟ್ಟಿದ್ದ.
‘ಬರೇ ಉರಿ. ಬಾಣಲೆಯಲ್ಲಿ ಮರಳೇ ಇಲ್ಲ.
ಅಕ್ಕಿ ಸೀದು ಹೋಗ್ತದೆ, ಅರಳಲ್ಲ.’

ಇದಕ್ಕೆ ಗೋಂದಿನ ಕಡ್ಡಿ ಕೆಳಗಿಟ್ಟ.
ಮೊದಲು ಗಿಟಾರು, ತಗಡಿನ ಮೇಲೆ ತಗಡು ಎಳೆದ ಹಾಗೆ.
ಆಮೇಲೆ ಡ್ರಮ್ಮು.
ಆಮೇಲೆ ಡ್ರಮ್ಮು ಬರಬೇಕಾದ ಕಡೆ
ಬರಲಿಲ್ಲ.
ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರ ಹಾಗೆ ಇಬ್ಬರೂ ಮುಗ್ಗರಿಸಿ
ಬೀಳುವಷ್ಟರಲ್ಲಿ ಬಂತು ಏಟು.
‘ಹಾಂ,’ ಅಂದ. ಅಷ್ಟೇ.

ಕಾಟನ್ ಮಿಲ್ಲಿನ ಮಗ್ಗಕ್ಕೆ ಎರಡೂ ಕಿವಿ ಕೊಟ್ಟ ಕೊಟ್ರಪ್ಪ
ಬೀಡಿ ಸೇದುತ್ತ ಹೊರಗೆ ಕೂತಿದ್ದವನು
ಹೊಸ್ತಿಲು ನಡುಗಿದ್ದಕ್ಕೆ ಎದ್ದು ಒಳಬಂದ.
ಡಬ್ಬದ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ,
ಕಿವುಡರ ದನಿಯಲ್ಲಿ, ಇಡೀ ಓಣಿಗೆ:
‘ಮಗ್ಗ ಸರಿ ಐತೆ! ಎಣ್ಣೆ ಬಿಟ್ಟಾರೆ!
ಮೂರನೇದು ಮಾತ್ರ ಬೇಕಂತ್ಲೇ ಒಂದೆಳೆ ಬಿಟ್ಟು ಹೊಡೀತೈತೆ!’

ಹಾಡುವವನು ಏನು ಹೇಳುತ್ತಿದ್ದನೋ ನನಗೂ ತಿಳಿದಿರಲಿಲ್ಲ.
ಸಾವು ಅಂದೆ, ಯುದ್ಧ ಅಂದೆ, ಊಹೆಯ ಮೇಲೆ.
‘ಅದು ಬಿಡು. ನಾಕನೇ ಹಾಡಲ್ಲಿ, ಚೀರೋಕೆ ಮುಂಚೆ
ಉಸಿರು ಎಳಕೊಂತಾನೆ ನೋಡು.
ಅಲ್ಲಿ ಹೆದರ್ಯಾನೆ. ಅದು ಸುಳ್ಳಲ್ಲ.’

ಎರಡನೇ ಬದಿಗೆ ಯಂತ್ರ ಟೇಪು ನುಂಗಿತು.
ದಾದಾಪೀರ್ ಕರುಳು ಎಳೆದ ಹಾಗೆ ಎಳೆದ,
ಸುಕ್ಕಾದಷ್ಟನ್ನು ಕತ್ತರಿಸಿದ:
ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.
ಉಗುರಗಲ ಅಂಟುಪಟ್ಟಿ, ಮೇಲೊಂದು ಊದು.
‘ಎಂಟು ಸೆಕೆಂಡು ಹೋಯ್ತು. ಒಳ್ಳೇದಾದ್ರೆ ತಡಕೊಂತದೆ.’

ತಡಕೊಂಡಿತು.
ಮೆಟ್ಟಿಲು ಹತ್ತುತ್ತಿದ್ದ ಗಿಟಾರು
ಪಟಕ್ಕನೆ ಅಟ್ಟದ ಮೇಲಿತ್ತು.
ಹೇಗೆ ಹತ್ತಿದೆ ಅಂತ ನಾವೂ ಕೇಳಲಿಲ್ಲ.
ಹನ್ನೊಂದು ವರ್ಷ ಆ ನೆಗೆತವನ್ನು ಕುತ್ತಿಗೆಯಲ್ಲಿ ಸಾಕಿದೆ,
ಮದುವೆಯಲ್ಲಿ, ಬಾಣಂತನದಲ್ಲಿ,
ಕುಕ್ಕರು ಕೂಗುವ ಮುಂಚಿನ ಗಳಿಗೆಯಲ್ಲಿ.

ಹೋದ ವಾರ ಮಗಳ ಫೋನಿನಲ್ಲಿ ಅದೇ ಆಲ್ಬಮ್ಮು,
ತಿಕ್ಕಿ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ.
ಪಿ.ಬಿ. ರಸ್ತೆ, ಸಿಟಿ ಬಸ್ಸು, ಅವಳಿಗೊಂದು ಕಿವಿ, ನನಗೊಂದು.
ಆ ಜಾಗ ಬಂತು.
ಗಿಟಾರು ಹತ್ತಿತು, ಹತ್ತಿತು, ಒಂದೂ ಮೆಟ್ಟಿಲು ಬಿಡದೆ,
ಪೂರಾ ಎಂಟು ಸೆಕೆಂಡು.
ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.
ನನ್ನ ಕುತ್ತಿಗೆ ಮಾತ್ರ ಆಗಲೇ ಅಟ್ಟಕ್ಕೆ ನೆಗೆದು
ಬಂದವರನ್ನು ಕಾಯುವ ಮನೆಯವಳ ಹಾಗೆ ಕೂತಿತ್ತು.

‘ಕೇಳಬಹುದಾ ಅಮ್ಮ, ಇದು?’
ಉತ್ತರ ಹುಡುಕಿದೆ. ಮರಳು ಅನ್ನಲೇ, ಉಸಿರು ಅನ್ನಲೇ?
ಕಿಟಕಿಯಾಚೆ, ಆ ಒಂದು ಬಾಗಿಲಿನಗಲದಲ್ಲಿ
ಈಗ ಮೊಬೈಲಿನ ಕವರುಗಳು ತೂಗುತ್ತಿದ್ದವು, ಬಣ್ಣಬಣ್ಣ.
‘ಒಂದು ಮೊಳ ಕತ್ತರಿಸಿ ನೋಡು,’ ಅಂದೆ.
ಅವಳು ನಕ್ಕಳು, ನನಗೆ ವಯಸ್ಸಾಯಿತೆಂದು.

ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಅಂಗೈ ಒತ್ತಿದೆ.
ಮೂರನೇದು ಒಂದೆಳೆ ಬಿಟ್ಟು ಹೊಡೆದ ಹಾಗಾಯಿತು.
ಬಸ್ಸಿನ ಇಂಜಿನ್ನೇ ಇರಬೇಕು.